ಹಿಗ್ಗುವ ಹಗ್ಗ

"ಇದೂ ಒಂದು ಹಗ್ಗಾನಾ!" ಮುತ್ತಮ್ಮ ಕೈಯಲ್ಲಿದ್ದುದನ್ನು ಅಂಗಳಕ್ಕೆ ಬಿಸಾಡಿದಳು. "ಎಳೆದ್ರೆ ಹಿಗ್ತೈತೆ ಕಣೇ. ಭಾನುವಾರ ನೀನು ಬಂಡೆ ಹತ್ತೋದೂ ಬ್ಯಾಡ, ಏನೂ ಬ್ಯಾಡ."

ಮಗಳು ಮಂಜುಳಾ ಹಗ್ಗವನ್ನೆತ್ತಿ ಮಣ್ಣು ಕೊಡವಿದಳು. ಅರಸೀಕೆರೆಯ ಹೈಸ್ಕೂಲಿನಲ್ಲಿ ಅವಳು ಆಟದ ಮೇಡಂ. ಬಂಡೆ ಹತ್ತುವುದನ್ನು ಕಲಿತು ಮಕ್ಕಳಿಗೂ ಕಲಿಸಬೇಕೆಂಬ ಹುಚ್ಚು. ಅವ್ವನಿಗೆ ಧೈರ್ಯ ಬರಲೆಂದು ಹಗ್ಗ, ಸೊಂಟಪಟ್ಟಿ, ಕೊಕ್ಕೆಗಳನ್ನೆಲ್ಲ ತಂದು ತೋರಿಸಿದ್ದು ತಿರುಗುಬಾಣವಾಗಿತ್ತು. ಕೊಕ್ಕೆಗಳನ್ನು ಮುತ್ತಮ್ಮ ಹೇಗೋ ಒಪ್ಪಿದ್ದಳು. ಹಗ್ಗದ ವಿಷಯದಲ್ಲಿ ಮಾತ್ರ ಅವಳ ಮುಂದೆ ಯಾರ ಬೇಳೆಯೂ ಬೇಯುವಂತಿರಲಿಲ್ಲ. ನಲವತ್ತು ವರ್ಷದಿಂದ ಕತ್ತಾಳೆ ನಾರು ಹೊಸೆದ ಕೈ ಅದು. ತಾನು ಹೊಸೆದ ಹಗ್ಗವನ್ನು ಮರಕ್ಕೆ ಕಟ್ಟಿ ಜಗ್ಗಿ ನೋಡುವಳು. ಒಂದು ಬೆರಳಷ್ಟು ಹಿಗ್ಗಿದರೂ ಬಿಚ್ಚಿ ಮತ್ತೆ ಹೊಸೆಯುವಳು.

"ನಿಮ್ಮಪ್ಪ ಬಾವಿ ಹೂಳು ತೆಗೆಯಾಕೆ ಇಳಿಯೋವಾಗ ಜಾರಿ ಬಿದ್ರಲ್ಲ, ಸೊಂಟಕ್ಕೆ ಕಟ್ಟಿದ್ದು ನನ್ನ ಹಗ್ಗ. ಒಂದು ಎಳೇನಾದ್ರೂ ಹರೀತಾ?"

ಮಂಜುಳಾಳ ಅಪ್ಪ ಜವರಯ್ಯ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ. ಆವತ್ತು ಮುರಿದ ಸೊಂಟ ಹನ್ನೊಂದು ವರ್ಷವಾದರೂ ನೆಟ್ಟಗಾಗಿರಲಿಲ್ಲ.

"ಹಿಗ್ಗದ ಹಗ್ಗಾನೂ ಐತೆ ಕಣವ್ವ, ಅದು ಮೆಲ್ಲಗೆ ಇಳಿಯೋದಕ್ಕೆ. ಹತ್ತೋದಕ್ಕೆ ಇದೇ ಬೇಕು. ತಾಳು, ತೋರಿಸ್ತೀನಿ," ಎಂದು ಮಂಜುಳಾ ಎದ್ದಳು.

ಎರಡು ಹಳೇ ಸಿಮೆಂಟ್ ಚೀಲಗಳಿಗೆ ಒಂದೇ ಅಳತೆಯಲ್ಲಿ ಮರಳು ತುಂಬಿ, ಒಂದನ್ನು ಅವ್ವನ ಹಗ್ಗಕ್ಕೂ ಇನ್ನೊಂದನ್ನು ತನ್ನ ಹಗ್ಗಕ್ಕೂ ಬಿಗಿದಳು. ಹುಣಸೆಮರ ಹತ್ತಿ ಹಗ್ಗಗಳ ಮೇಲ್ತುದಿಯನ್ನು ಕೊಂಬೆಗೆ ಕಟ್ಟಿ, ಚೀಲಗಳನ್ನು ಮೇಲಕ್ಕೆಳೆದುಕೊಂಡು ಮೊದಲು ಅವ್ವನದನ್ನು ತಳ್ಳಿದಳು. ಅದು ಒಂದಾಳು ಎತ್ತರ ಬಿದ್ದು ಧಡ್ ಎಂದು ನಿಂತಿತು. ಹಗ್ಗಕ್ಕೆ ಏನೂ ಆಗಲಿಲ್ಲ. ಚೀಲ ಮಾತ್ರ ಕಟ್ಟಿದ ಜಾಗದಲ್ಲೇ ಸೀಳಿ, ಮರಳೆಲ್ಲ ನೆಲಕ್ಕೆ ಸುರಿಯಿತು.

ಎರಡನೆಯದೂ ಅಷ್ಟೇ ಎತ್ತರದಿಂದ ಬಿತ್ತು. ಆ ಬೆರಳು ಗಾತ್ರದ ಹಗ್ಗ ಬೀಳುವ ಭಾರದ ಜೊತೆ ತಾನೂ ಒಂದಿಷ್ಟು ಕೆಳಗೆ ಹೋಯಿತು, ಹಿಗ್ಗಿತು, ಮೆಲ್ಲಗೆ ತಡೆಯಿತು, ಮತ್ತೆ ಮೇಲಕ್ಕೆತ್ತಿಕೊಂಡಿತು. ಚೀಲ ತೊಟ್ಟಿಲ ಕೂಸಿನಂತೆ ತೂಗಿತು. ಒಂದು ಹಿಡಿ ಮರಳೂ ಚೆಲ್ಲಲಿಲ್ಲ.

ಮುತ್ತಮ್ಮ ಹತ್ತಿರ ಹೋಗಿ ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಸೀಳಿದ ಚೀಲವನ್ನು ನೋಡಿದಳು. ನೋಡುತ್ತಾ ನೋಡುತ್ತಾ ಗಂಡನ ಕಡೆ ತಿರುಗಿದಳು.

"ಹಂಗಾದ್ರೆ ಆವತ್ತು..." ಅವಳ ಕಣ್ಣು ಅವನ ಸೊಂಟಕ್ಕೆ ಹೋಯಿತು. "ನನ್ನ ಹಗ್ಗ ಹರೀಲಿಲ್ಲ, ಹರೀಲಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದೆನಲ್ಲ!"

"ಹರಿದಿದ್ರೆ ಬಾವಿ ತಳದಲ್ಲೇ ಇರ್ತಿದ್ದೆ, ಸುಮ್ನಿರು," ಎಂದ ಜವರಯ್ಯ. ಮಂಜುಳಾ ಹಗ್ಗವನ್ನು ಬಿಚ್ಚಿ ತಂದು ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ಅಪ್ಪನ ಕೈಗೆ ಕೊಟ್ಟಳು. ಅವನು ಜಗ್ಗಿದ, ಬಿಟ್ಟ. ಮತ್ತೆ ಜಗ್ಗಿದ, ಬಿಟ್ಟ.

"ಹೋಗ್ಬರ್ಲಿ ಬಿಡೇ," ಎಂದ ಕೊನೆಗೆ. "ಇದನ್ನ ಮಾಡ್ದೋನು, ಮನುಷ್ಯ ಬೀಳ್ತಾನೆ ಅಂತ ಮೊದ್ಲೇ ಒಪ್ಕೊಂಡವ್ನೆ."