ಬೇರಿನ ತುದಿಯ ಕಲೆ

"ಪೂರ್ತಿ ಹೋಗಿಲ್ಲ," ಎಂದರು ದಂತವೈದ್ಯೆ, ಪರದೆಯ ಮೇಲಿನ ಎಕ್ಸ್-ರೇಗೆ ಪೆನ್ನಿನ ತುದಿ ಹಿಡಿದು. ಕ್ಲಾರಿನೆಟ್ ವಾದಕನ ಮೇಲಿನ ಮುಂಹಲ್ಲಿನ ಬೇರಿನ ಬಳಿ ಕಪ್ಪು ಮಚ್ಚೆಯೊಂದು ಉಳಿದಿತ್ತು. ಅವನ ಮುಖ ಸಪ್ಪಗಾಯಿತು. ಹೆಂಡತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಆ ಹಲ್ಲಿಗೆ ಎರಡು ಸಲ ರೂಟ್ ಕೆನಾಲ್ ಆಗಿದ್ದರೂ ಒಸಡಿನಲ್ಲಿ ಕೀವಿನ ಗುಳ್ಳೆ ಏಳುವುದು ನಿಂತಿರಲಿಲ್ಲ. ಹೋದ ವರ್ಷ ಈ ವೈದ್ಯೆಯೇ ಒಸಡು ಬಿಡಿಸಿ, ಬೇರಿನ ಕೆಟ್ಟ ತುದಿಯನ್ನು ಕತ್ತರಿಸಿ, ಮುಚ್ಚಿ ಹೊಲಿಗೆ ಹಾಕಿದ್ದರು.

"ನೋವಿದೆಯಾ? ಗುಳ್ಳೆ ಎದ್ದಿತ್ತಾ?"

"ಇಲ್ಲ."

"ಕಚ್ಚೋಕೆ?"

"ಕಚ್ಚೋದೇನು ಡಾಕ್ಟ್ರೇ, ಮೊನ್ನೆ ಯಾವ ಲೋಕದಲ್ಲಿದ್ರೋ, ಇದೇ ಹಲ್ಲಲ್ಲಿ ಬಾಟ್ಲಿ ಮುಚ್ಚಳ ಕಿತ್ರು," ಎಂದಳು ಹೆಂಡತಿ. "ಬಾಯಿಗೆ ಬಂದ ಹಾಗೆ ಬೈದೆ."

"ಹಾಗಾದ್ರೆ ಇದು ಕೀವಲ್ಲ, ಕಲೆ ಅನ್ಸುತ್ತೆ. ಮೊಣಕಾಲಿನ ಗಾಯ ಮಾಗಿದ್ಮೇಲೂ ಗುರುತು ಉಳಿಯಲ್ವಾ, ಹಾಗೆ. ಸುಮಾರು ಜನಕ್ಕೆ ಮೂಳೆ ಪೂರ್ತಿ ತುಂಬ್ಕೊಳ್ಳುತ್ತೆ. ಕೆಲವರಿಗೆ ಇಷ್ಟು ಉಳ್ಕೊಳ್ಳುತ್ತೆ. ಮುಂದಿನ ವರ್ಷ ಮತ್ತೆ ನೋಡೋಣ."

"ಅನ್ಸುತ್ತೆ ಅಂದ್ರೆ? ಗ್ಯಾರಂಟಿ ಇಲ್ವಾ?" ಅವನ ದನಿ ಏರಿತು.

"ಕಿತ್ತು ಹಾಕಿದ್ರೆ ಗ್ಯಾರಂಟಿ ಕೊಡ್ತೀನಿ. ಇಲ್ಲದ ಹಲ್ಲು ಯಾವತ್ತೂ ನೋಯಲ್ಲ." ವೈದ್ಯೆ ನಗಲಿಲ್ಲ. "ಅದಿರ್ಲಿ, ಊದೋಕೆ ಹೇಗಿದೆ?"

ಹೆಂಡತಿಯೇ ಬಾಯಿಬಿಟ್ಟಳು. "ಆಪರೇಷನ್ ಆದ್ಮೇಲೆ ಕ್ಲಾರಿನೆಟ್ ಪೆಟ್ಟಿಗೆನೇ ತೆಗೆದಿಲ್ಲ. ವಾದ್ಯದ ಮೂತಿ ಅದೇ ಹಲ್ಲಿಗೆ ಒತ್ತುತ್ತಂತೆ, ಎಲ್ಲಿ ಮತ್ತೆ ಶುರುವಾಗುತ್ತೋ ಅಂತ ಭಯ. ಕರೆಯೋಕೆ ಬಂದೋರಿಗೆಲ್ಲ ಏನೋ ಒಂದು ಸಬೂಬು."

"ಒಸಡು ಮಾಗಿದ್ಮೇಲೆ ಊದಿ ಅಂತ ಆಗ್ಲೇ ಹೇಳಿದ್ನಲ್ಲ!"

"ಹೇಳಿದ್ರಿ," ಎಂದ ಅವನು. "ನನಗೇ ಧೈರ್ಯ ಬರ್ಲಿಲ್ಲ. ಪೂರ್ತಿ ವಾಸಿಯಾಗ್ಲಿ ಅಂತ ಕಾದೆ."

ಮನೆಗೆ ಬಂದವನೇ ಅಟ್ಟದಿಂದ ಪೆಟ್ಟಿಗೆ ಇಳಿಸಿದ. ಬೆರಳೊತ್ತುವ, ಮಂಕಾಗಿದ್ದ ಕೀಲಿಗಳನ್ನು ಒರೆಸಿ, ತುಂಡುಗಳನ್ನು ಜೋಡಿಸಿ, ಬಿಸಿ ಪಾತ್ರೆ ಮುಟ್ಟುವವನಂತೆ ಅಳುಕುತ್ತ ಹಲ್ಲೂರಿದ. ಉಸಿರು ಬಿಟ್ಟ. ಸ್ವರ ಒಡಕಿಲ್ಲದೆ ಬಂತು. ಅವನ ಕಣ್ಣರಳಿತು. ಒಂದು ಕಾಲದಲ್ಲಿ ನಿದ್ದೆಗಣ್ಣಲ್ಲೂ ನುಡಿಸುತ್ತಿದ್ದ ಧಾಟಿಯೊಂದನ್ನು ಹಿಡಿದ. ಅದು ಸ್ವಲ್ಪ ದೂರ ಹೋಗಿ ಎಡವಿತು. ಮತ್ತೆ ಹಿಡಿದ. ಮತ್ತೆ ಅಲ್ಲೇ ಎಡವಿತು.

ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. "ಯಾಕೆ ನಿಲ್ಲಿಸಿದ್ರಿ? ನೋಯ್ತಾ?"

ಅವನು ತನ್ನ ಎರಡೂ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

"ಹಲ್ಲು ಏನೂ ಅನ್ಲಿಲ್ಲ ಕಣೇ," ಎಂದ. "ಬೆರಳುಗಳು ಮರೆತುಬಿಟ್ಟಿವೆ."