ಕಿಟಕಿ ಬಡಿದವನು

ಮೊದಲ ಸಲ ಲಾರಿ ಹತ್ತಿದಾಗಲೇ ಅವನು ಹೆಂಡತಿಗೆ ಮಾತು ಕೊಟ್ಟಿದ್ದ: ದಾರಿಯಲ್ಲಿ ಗುರುತಿಲ್ಲದವರು ಕರೆದರೆ ಬಾಗಿಲು ತೆಗೆಯುವುದಿಲ್ಲ. ಲಾರಿ ಓಡಿಸುತ್ತಿದ್ದ ಅವಳ ತಮ್ಮನನ್ನು ದರೋಡೆಕೋರರು ಟೈರ್ ಪಂಕ್ಚರ್ ಎಂದು ಸುಳ್ಳು ಹೇಳಿ ಕೆಳಗಿಳಿಸಿಯೇ ಕೊಂದಿದ್ದರು.

ಈಗ ವಿಜಯಪುರದ ದ್ರಾಕ್ಷಿ ಹೊತ್ತ ಅವನ ಲಾರಿ ಕಾಶ್ಮೀರದ ಘಾಟಿಯಲ್ಲಿ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಜಡಿಮಳೆ, ಆಮೇಲೆ ಆಲಿಕಲ್ಲು, ಸಂಜೆಗೆ ಹಿಮ. ಇಂಜಿನ್ ಚಾಲೂ ಇಟ್ಟು, ಹೀಟರ್ ಹಾಕಿಕೊಂಡು ಅವನೂ ಜೊತೆಯ ಡ್ರೈವರೂ ಕುಳಿತಿದ್ದರು.

ಯಾರೋ ಕಿಟಕಿ ಬಡಿದರು. ಕೈಯಲ್ಲಿ ಸಲಿಕೆ ಹಿಡಿದ ಅಪರಿಚಿತ. ಗಾಳಿಯಲ್ಲಿ ಅವನ ಮಾತು ಕೇಳುತ್ತಿರಲಿಲ್ಲ. ಲಾರಿಯ ಹಿಂಭಾಗ ತೋರಿಸಿ, ಇಳಿಯಿರಿ ಎಂದು ಕೈಸನ್ನೆ ಮಾಡುತ್ತಿದ್ದ.

"ಹಿಂದ ಏನೋ ಆಗೇತಿ ಅಂತಾನ, ಅಣ್ಣಾ."

"ಆಗ್ತೈತಿ, ನಾವು ಇಳದ ಮ್ಯಾಲೆ. ಹಳೇ ಆಟ ಇದು."

"ಗಾಜು ಒಂದ್ ಬೆರಳು ಇಳಸಿ ಕೇಳೂಣೇನ? ನನಗ್ಯಾಕೋ ತಲಿ ಸಿಡ್ಯಾಕತ್ತೈತಿ."

"ಥಂಡಿಗೆ ಹಂಗ. ಸುಮ್ನ ಹೊದ್ಕೊಂಡು ಮಲ್ಕೊ."

ಅಪರಿಚಿತ ಗಾಜು ಒಡೆಯಲು ಸಲಿಕೆ ಎತ್ತಿದ. ಡ್ರೈವರ್ ಒಳಗಿನಿಂದ ಕಬ್ಬಿಣದ ಜಾಕ್ ರಾಡ್ ಎತ್ತಿ ತೋರಿಸಿದ. ಅಪರಿಚಿತ ಹಿಂದೆ ಸರಿದು ಕೆಳಗಿನ ಹಳ್ಳಿಯತ್ತ ಓಡಿದ.

"ನೋಡಿದ್ಯಾ? ಕಳ್ಳ ಅಂದ್ನೆಲ್ಲ."

ಹಳ್ಳಿಯವರನ್ನು ಕರೆದುಕೊಂಡು ಅಪರಿಚಿತ ಮರಳುವಷ್ಟರಲ್ಲಿ, ಹಿಮದಲ್ಲಿ ಹೂತುಹೋಗಿದ್ದ ಸೈಲೆನ್ಸರಿನ ವಿಷಗಾಳಿ ಹೊರಗೆ ಹೋಗಲಾರದೆ ಕ್ಯಾಬಿನ್ನನ್ನೆಲ್ಲ ತುಂಬಿತ್ತು. ಡ್ರೈವರ್ ಹೆಂಡತಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದ. ಬಾಗಿಲನ್ನು ಹೊರಗಿನವರೇ ಒಡೆಯಬೇಕಾಯಿತು.