ಏಳನೇ ಪೀಪಾಯಿ

ಇಪ್ಪತ್ತೆಂಟು ವರ್ಷ ವಿಸ್ಕಿಯ ರುಚಿ ನೋಡಿ ಹೆಸರು ಮಾಡಿದ್ದ ಬೆಳ್ಯಪ್ಪನವರ ಮೂಗು ಮೂರು ತಿಂಗಳ ಹಿಂದೆ ಬಂದ ಜ್ವರದಲ್ಲಿ ಸತ್ತುಹೋಗಿತ್ತು. ಆ ಗುಟ್ಟು ಗೊತ್ತಿದ್ದುದು ಶಿಷ್ಯೆ ತನುಜಾಳಿಗೆ ಮಾತ್ರ. ಗ್ಲಾಸು ಕೊಡುವಾಗ ಅವಳು ಪೀಪಾಯಿಯ ನಂಬರನ್ನು ಮೆಲ್ಲಗೆ ಉಸುರುತ್ತಿದ್ದಳು. ಉಳಿದದ್ದನ್ನು ಅವರು ನೆನಪಿನಿಂದ ಹೇಳುತ್ತಿದ್ದರು.

ಆ ಭಾನುವಾರ ಪುಟ್ಟ ಡಿಸ್ಟಿಲರಿಯನ್ನು ನೋಡಲು ಹತ್ತು ಜನ ಬಂದಿದ್ದರು. ಮಾಲೀಕರೂ ಜೊತೆಗೆ ನಿಂತಿದ್ದರು.

"ನೀನಿರೋದಕ್ಕೆ ನನ್ನ ಮಾನ ಉಳಿದಿದೆ ಕಣಮ್ಮ," ಎಂದರು ಬೆಳ್ಯಪ್ಪ, ಮೆಲುದನಿಯಲ್ಲಿ.

"ಹಾಗೆಲ್ಲ ಅನ್ಬೇಡಿ ಸಾರ್. ಇದು ಏಳನೇ ಪೀಪಾಯಿದು," ಎಂದು ತನುಜಾ ಗ್ಲಾಸನ್ನು ಕೈಗಿಟ್ಟಳು.

ಅವರು ಗ್ಲಾಸನ್ನು ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿದರು. ಒಂದು ಗುಟುಕು ಕುಡಿದರು.

"ಮೊದಲು ಜೇನು, ಆಮೇಲೆ ಒಣ ಅಂಜೂರ. ಇಷ್ಟು ಒಳ್ಳೆ ಘಮ ನಮ್ಮ ಬೇರೆ ಯಾವ ಪೀಪಾಯಿಗೂ ಇಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದುರಿಗಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮಾಲೀಕರು ಗ್ಲಾಸು ಕಿತ್ತುಕೊಂಡು ಮೂಸಿದರು.

"ಏನ್ರೀ ಇದು, ಇಂಗು ನಾರ್ತಿದೆ!"

ಬೆಳ್ಯಪ್ಪನವರು ಶಿಷ್ಯೆಯತ್ತ ತಿರುಗಿದರು. ಅವಳು ಮಾಲೀಕರನ್ನೇ ನೋಡುತ್ತಿದ್ದಳು.

"ನಾನೇ ಹಾಕಿದ್ದು ಸಾರ್. ಇವರಿಗೆ ವಾಸನೆ ಗೊತ್ತಾಗಲ್ಲ ಅಂತ ಬರೀ ಬಾಯಲ್ಲಿ ಹೇಳಿದ್ರೆ ನೀವು ನಂಬ್ತಿರಲಿಲ್ಲ."